ನೆರವು ಕೆಲಸಕ್ಕೆ ಸಂಕೀರ್ಣತಾ ವಿಜ್ಞಾನ: ಕೋರ್ಸ್‌ನ ಆಟಕ್ಕೆ ಪೂರ್ತಿ ಅಂಕ, ಕೊನೇ ಪಾಠ ಫೇಲು

ಮೊದಲೇ ಅಂಕ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಮಧ್ಯದ ಎರಡು ಪಾಠಗಳನ್ನಷ್ಟೇ ನೋಡಿ ಅಂಕ ಕೊಡಿ ಅಂದಿದ್ದರೆ ಐದಕ್ಕೆ ಐದೂ ಕೊಡುತ್ತಿದ್ದೆ. ಕೊನೇ ಪಾಠಕ್ಕೆ ಮಾತ್ರ ಒಂದು, ಅದೂ ಪಾಪ ಅಂತ.

ಇದು ಅಂತರರಾಷ್ಟ್ರೀಯ ನೆರವು ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ಸಂಕೀರ್ಣತಾ ವಿಜ್ಞಾನ (ಒಂದಕ್ಕೊಂದು ಹೆಣೆದುಕೊಂಡ ಹಲವು ಭಾಗಗಳು ಒಟ್ಟಾಗಿ ಹೇಗೆ ನಡೆದುಕೊಳ್ಳುತ್ತವೆ ಅನ್ನೋದರ ಅಧ್ಯಯನ) ಕಲಿಸುವ ಆನ್‌ಲೈನ್ ಕೋರ್ಸ್. ಆರು ಮಾಡ್ಯೂಲ್, ಒಂದು ಗುಂಪು ಆಟ, ಒಂದು ವರ್ಕ್‌ಬುಕ್, ಕೊನೆಗೊಂದು ಸರ್ಟಿಫಿಕೇಟ್. ನಡೆಸುವವರ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಕೋರ್ಸ್‌ಗಳು ಬೇರೆಯೂ ಇವೆ. ಯಾವುದಕ್ಕೇ ಸೇರಿದರೂ ಏನು ನೋಡಿಕೊಂಡು ಸೇರಬೇಕು ಅನ್ನೋದು ಹೆಸರಿಗಿಂತ ಮುಖ್ಯ.

ನಾನು ಮಾನಿಟರಿಂಗ್ ವಿಭಾಗದವಳು. ದುಡ್ಡು ಕೊಡುವವರಿಗೆ ಮೂರು ತಿಂಗಳಿಗೊಮ್ಮೆ ವರದಿ ಬರೆಯುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಕೋರ್ಸ್‌ಗೆ ಸೇರಿದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ. ಊರು, ಮಾರುಕಟ್ಟೆ, ಇಲಾಖೆ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು ದಿನಾ ಬದಲಾಗುತ್ತಿರುತ್ತವೆ. ಅಂಥ ಕಡೆ ಮೂರು ವರ್ಷದ ಹಿಂದೆ ಬರೆದ ಯೋಜನೆಯನ್ನು ಮಧ್ಯದಲ್ಲಿ ಬದಲಿಸುವುದು ಹೇಗೆ, ಮತ್ತು ಅದಕ್ಕೆ ಯಾರು ಸಹಿ ಹಾಕುತ್ತಾರೆ? ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಚೆನ್ನಾಗಿಯೇ ಸಿಕ್ಕಿತು. ಎರಡನೇ ಅರ್ಧದ ಹತ್ತಿರ ಯಾರೂ ಸುಳಿಯಲಿಲ್ಲ.

ಮೊದಲ ಮಾಡ್ಯೂಲ್ ಚಿಟ್ಟೆಯಿಂದ ಶುರುವಾಗುತ್ತದೆ, ಎಲ್ಲೋ ಚಿಟ್ಟೆ ರೆಕ್ಕೆ ಬಡಿದರೆ ಇನ್ನೆಲ್ಲೋ ಬಿರುಗಾಳಿ ಏಳಬಹುದು ಅನ್ನೋ ಅದೇ ಚಿಟ್ಟೆ. ಆಗದೇ ಇರುತ್ತಾ? ಎಡ್ವರ್ಡ್ ಲೊರೆಂಜ್ 1961ರಲ್ಲಿ ಹವಾಮಾನದ ಲೆಕ್ಕವನ್ನು ಕಂಪ್ಯೂಟರ್‌ಗೆ ಎರಡನೇ ಸಲ ಹಾಕುವಾಗ 0.506127 ಬದಲು 0.506 ಅಂತ ಹಾಕಿದ್ದು, ಉತ್ತರ ಪೂರಾ ಬೇರೆಯೇ ದಿಕ್ಕಿಗೆ ಹೋಗಿದ್ದು. ಆಮೇಲೆ 1984ರಲ್ಲಿ ಅಮೆರಿಕದಲ್ಲಿ ಈ ವಿಜ್ಞಾನಕ್ಕೆಂದೇ ಸಾಂತಾ ಫೆ ಇನ್‌ಸ್ಟಿಟ್ಯೂಟ್ ಹುಟ್ಟಿದ ಕಥೆ. ಆಮೇಲೆ 2008ರಲ್ಲಿ ಲಂಡನ್ನಿನ ಓವರ್‌ಸೀಸ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಈ ವಿಜ್ಞಾನವನ್ನು ನೆರವಿನ ಕೆಲಸಕ್ಕೆ ಹೊಂದಿಸಿ ನೋಡಿದ ವರದಿ. ಫೀಡ್‌ಬ್ಯಾಕ್, ಎಮರ್ಜೆನ್ಸ್, ಪಾತ್ ಡಿಪೆಂಡೆನ್ಸ್, ಟಿಪ್ಪಿಂಗ್ ಪಾಯಿಂಟ್ ಅಂತ ಒಂದರ ಹಿಂದೊಂದು ಸ್ಲೈಡು. ತಪ್ಪೇನೂ ಇಲ್ಲ. ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸಿ. ಇವೆಲ್ಲ ಏನು ಅಂತ ಗೊತ್ತಾಗುವುದು ಮೂರನೇ ಮಾಡ್ಯೂಲಿನಲ್ಲೇ.

ಎರಡನೆಯದು ಲಾಗ್‌ಫ್ರೇಮ್ ಬಗ್ಗೆ. ಈ ಕ್ಷೇತ್ರದ ಹೊರಗಿನವರಿಗೆ ಎರಡು ಮಾತು: ಲಾಗ್‌ಫ್ರೇಮ್ ಅಂದರೆ ನಾಲ್ಕು ಸಾಲು, ನಾಲ್ಕು ಕಾಲಂನ ಒಂದು ಕೋಷ್ಟಕ. 1969ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ಮಾಡಿದ್ದು. ಆಮೇಲೆ ಹೆಚ್ಚುಕಮ್ಮಿ ಇಡೀ ನೆರವು ಜಗತ್ತೇ ಅದನ್ನು ಎತ್ತಿಕೊಂಡಿತು. ಕೆಳಗಿನ ಸಾಲಿನಲ್ಲಿ ನೀವು ಹಾಕುವ ದುಡ್ಡು, ಸಾಮಾನು, ಜನ. ಅದರ ಮೇಲೆ ಅದರಿಂದ ಕೈಗೆ ಸಿಗುವುದು. ಅದರ ಮೇಲೆ ಉದ್ದೇಶ. ಎಲ್ಲಕ್ಕಿಂತ ಮೇಲೆ ದೊಡ್ಡ ಗುರಿ. ಒಂದು ಮೆಟ್ಟಿಲು ಹತ್ತಿದರೆ ಇನ್ನೊಂದು ಮೆಟ್ಟಿಲು ತಾನಾಗಿಯೇ ಸಿಗುತ್ತದೆ ಅನ್ನೋ ಲೆಕ್ಕ. ಬಲಗಡೆ ಕೊನೇ ಕಾಲಂನ ಹೆಸರು ‘ಊಹೆಗಳು’. ಮಳೆ ಸರಿಯಾಗಿ ಬರುತ್ತದೆ, ಸರ್ಕಾರದ ನೀತಿ ಬದಲಾಗುವುದಿಲ್ಲ, ಸಮುದಾಯ ಸಹಕರಿಸುತ್ತದೆ ಅಂತ ಅಲ್ಲಿ ಬರೆಯುತ್ತೇವೆ. ಅಂದರೆ ನಮ್ಮ ಕೈಯಲ್ಲಿಲ್ಲದ ಇಡೀ ಪ್ರಪಂಚವನ್ನು ಆ ಕಾಲಂಗೆ ತಳ್ಳಿ ಬಾಗಿಲು ಹಾಕಿಬಿಡುತ್ತೇವೆ. ಯೋಜನೆ ಮುಗಿಯುವವರೆಗೆ ಆ ಬಾಗಿಲು ತೆಗೆಯುವವರು ಕಮ್ಮಿ.

ಕೋರ್ಸ್ ಇಲ್ಲಿ ಒಂದು ಜಾಣ ಕೆಲಸ ಮಾಡಿದೆ. ಲಾಗ್‌ಫ್ರೇಮ್ ಅನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಇವರು ಬೈಯುವುದಿಲ್ಲ. ನಿಮ್ಮದೇ ಯಾವುದಾದರೂ ಹಳೇ ಲಾಗ್‌ಫ್ರೇಮ್ ತೆಗೆಯಿರಿ, ಎಡಗಡೆಯ ಮೂರು ಕಾಲಂ ಮುಚ್ಚಿ, ಊಹೆಗಳನ್ನು ಮಾತ್ರ ಓದಿ ಅನ್ನುತ್ತಾರೆ. ಪ್ರತಿ ಊಹೆಯ ಪಕ್ಕ ಎರಡು ಉತ್ತರ ಬರೆಯಬೇಕು. ಇದು ಸುಳ್ಳಾದರೆ ಮೊದಲು ಯಾರಿಗೆ ಗೊತ್ತಾಗುತ್ತದೆ? ಅವರಿಂದ ಆ ಸುದ್ದಿ ನಮಗೆ ಮುಟ್ಟಲು ಎಷ್ಟು ಕಾಲ ಬೇಕು?

ನಾನು ಒಂದು ಬಿತ್ತನೆ ಬೀಜದ ಯೋಜನೆಯ ಲಾಗ್‌ಫ್ರೇಮ್ ತೆಗೆದುಕೊಂಡೆ. ‘ಸ್ಥಳೀಯ ಬೀಜ ವ್ಯಾಪಾರಿಗಳ ವಹಿವಾಟಿಗೆ ಧಕ್ಕೆಯಾಗುವುದಿಲ್ಲ’ ಅಂತ ಒಂದು ಊಹೆ. ಮೊದಲು ಗೊತ್ತಾಗುವುದು ಯಾರಿಗೆ? ಆ ವ್ಯಾಪಾರಿಗೇ. ಅವನ ಜೊತೆ ಮಾತಾಡುವ ಕೆಲಸ ಯೋಜನೆಯಲ್ಲಿ ಯಾರದ್ದು? ಯಾರದ್ದೂ ಅಲ್ಲ. ಸುದ್ದಿ ಮುಟ್ಟುವುದು ಯಾವಾಗ? ಕೊನೆಯ ಮೌಲ್ಯಮಾಪನದಲ್ಲಿ, ದುಡ್ಡೆಲ್ಲಾ ಖರ್ಚಾದ ಮೇಲೆ. ಫೀಡ್‌ಬ್ಯಾಕ್ ಲೂಪ್, ಅಂದರೆ ಮಾಡಿದ್ದರ ಪರಿಣಾಮ ತಿರುಗಿ ಮಾಡುವವರಿಗೇ ಮುಟ್ಟುವ ಸುತ್ತು, ಏನು ಅನ್ನೋದು ಮೊದಲ ಮಾಡ್ಯೂಲಿನ ಹತ್ತು ಸ್ಲೈಡಿಗಿಂತ ಈ ಒಂದು ಸಾಲಿನಲ್ಲಿ ಚೆನ್ನಾಗಿ ಅರ್ಥವಾಯಿತು. ಕೋರ್ಸ್ ತಗೊಳ್ಳದಿದ್ದರೂ ಪರವಾಗಿಲ್ಲ, ಈ ಅಭ್ಯಾಸವನ್ನು ಮಾತ್ರ ಮಾಡಿ ನೋಡಿ.

ಈಗ ಮೂರನೇ ಮಾಡ್ಯೂಲ್. ಇದಕ್ಕೋಸ್ಕರವೇ ಕೋರ್ಸ್‌ಗೆ ಸೇರಬಹುದು. ಇಡೀ ಪಾಠ ಬಾಲಿ ದ್ವೀಪದ ಭತ್ತದ ಗದ್ದೆಗಳ ಬಗ್ಗೆ.

ಬಾಲಿಯ ರೈತರಿಗೆ ಸುಬಕ್ ಅನ್ನೋ ನೀರಾವರಿ ಕೂಟಗಳಿವೆ. ಯಾವ ಕೂಟ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಖಾಲಿ ಬಿಡಬೇಕು ಅನ್ನೋದು ನೀರಿನ ದೇವಸ್ಥಾನಗಳ ಮೂಲಕ ತೀರ್ಮಾನವಾಗುತ್ತಿತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ, ಗೊಬ್ಬರ, ಕೀಟನಾಶಕ. ದೇವಸ್ಥಾನದ ಲೆಕ್ಕ ಬಿಟ್ಟು, ಸಾಧ್ಯವಾದಷ್ಟು ಸಲ ನಾಟಿ ಮಾಡಿ ಅಂತ ರೈತರಿಗೆ ಹೇಳಲಾಯಿತು. 1979ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ದುಡ್ಡಿನ ನೀರಾವರಿ ಯೋಜನೆಯೂ ಸೇರಿಕೊಂಡಿತು. ಇಳುವರಿ ಮೊದಮೊದಲು ಏರಿತು. ಆಮೇಲೆ ಕಂದು ಜಿಗಿಹುಳು ಬಂತು. ಸಿಂಪಡಿಸಿದಷ್ಟೂ ಬಂತು. ಜೊತೆಗೆ ನೀರಿನ ಜಗಳ.

ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಇದನ್ನು ಕಂಪ್ಯೂಟರ್‌ನಲ್ಲಿ ಕಟ್ಟಿ ನೋಡಿದರು. 1993ರಲ್ಲಿ ಪ್ರಕಟಿಸಿದರು. ಲೆಕ್ಕ ಕೇಳಿದರೆ ಬಹಳ ಸರಳ. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಖಾಲಿ ಬಿದ್ದರೆ ಹುಳಕ್ಕೆ ತಿನ್ನಲು ಏನೂ ಇರುವುದಿಲ್ಲ, ಸಾಯುತ್ತದೆ. ಆದರೆ ಹೊಳೆಯ ಉದ್ದಕ್ಕೂ ಎಲ್ಲರೂ ಒಟ್ಟಿಗೇ ನಾಟಿ ಮಾಡಿದರೆ ಎಲ್ಲರಿಗೂ ಒಂದೇ ವಾರ ನೀರು ಬೇಕು, ಕೆಳಗಿನವರಿಗೆ ಸಿಗುವುದಿಲ್ಲ. ಮೇಲಿನವರಿಗೆ ಹುಳದ ಭಯ, ಕೆಳಗಿನವರಿಗೆ ನೀರಿನ ಭಯ. ಕೆಳಗಿನವರು ಸಿಟ್ಟಿನಿಂದ ಬೇರೆ ಸಮಯಕ್ಕೆ ನಾಟಿ ಮಾಡಿದರೆ ಹುಳ ಮೇಲಿನವರಿಗೂ ಹಬ್ಬುತ್ತದೆ. ಆದ್ದರಿಂದಲೇ ಮೇಲಿನವರು ನೀರು ಬಿಡುತ್ತಾರೆ. ಧರ್ಮಕ್ಕಲ್ಲ, ಲೆಕ್ಕಕ್ಕೆ.

ಕಂಪ್ಯೂಟರ್‌ನಲ್ಲಿ ಎರಡು ಹೊಳೆಗಳ ಮೇಲಿನ 172 ಸುಬಕ್‌ಗಳನ್ನಿಟ್ಟು, ಪ್ರತಿಯೊಂದಕ್ಕೂ ಒಂದೇ ನಿಯಮ ಕೊಟ್ಟರು: ನಿನ್ನ ನೆರೆಯವರಲ್ಲಿ ಯಾರ ಬೆಳೆ ಚೆನ್ನಾಗಿ ಬಂತೋ ಮುಂದಿನ ವರ್ಷ ಅವರ ಹಾಗೆ ನಾಟಿ ಮಾಡು. ಅಷ್ಟೇ. ಮೇಲಿನಿಂದ ಯಾರೂ ಹೇಳಲಿಲ್ಲ. ಕೆಲವೇ ವರ್ಷಗಳ ಲೆಕ್ಕದಲ್ಲಿ ಗುಂಪು ಗುಂಪಾಗಿ ನಾಟಿ ಮಾಡುವ ಒಂದು ನಕ್ಷೆ ತಾನಾಗಿ ಮೂಡಿತು. ಅದು ನಿಜವಾದ ದೇವಸ್ಥಾನಗಳ ಜಾಲಕ್ಕೆ ಬಹಳ ಹತ್ತಿರ ಇತ್ತು.

ಪಾಠದಲ್ಲಿ ಇದನ್ನು ಸುಮ್ನೆ ಹೇಳಿ ಮುಗಿಸುವುದಿಲ್ಲ. ಆ ಮಾದರಿಯ ಪುಟ್ಟ ಆವೃತ್ತಿಯೊಂದನ್ನು ಪರದೆಯ ಮೇಲೆ ಕೊಡುತ್ತಾರೆ. ಹಸಿರು ಚೌಕ, ಹಳದಿ ಚೌಕ, ಒಂದು ಗುಂಡಿ. ಹುಳದ ವೇಗ ಹೆಚ್ಚಿಸಿ ನೋಡಿ, ನೀರು ಕಡಿಮೆ ಮಾಡಿ ನೋಡಿ. ನಾನು ಹುಳದ ವೇಗವನ್ನು ಸೊನ್ನೆಗೆ ಇಳಿಸಿದೆ. ಬಣ್ಣಗಳೆಲ್ಲ ಚೆಲ್ಲಾಪಿಲ್ಲಿ, ಮೇಲಿನವರು ತಮ್ಮಿಷ್ಟಕ್ಕೆ ನಾಟಿ ಮಾಡತೊಡಗಿದರು, ಕೆಳಗಿನ ಚೌಕಗಳು ಒಣಗಿದವು. ಹುಳವನ್ನು ವಾಪಸ್ ತಂದ ಕೂಡಲೇ ಮತ್ತೆ ಒಪ್ಪಂದ. ಕೀಟದ ಕಾಟವೇ ಆ ಊರುಗಳನ್ನು ಒಟ್ಟಿಗೆ ಹಿಡಿದಿಟ್ಟಿತ್ತು ಅಂತ ಯಾವ ಲಾಗ್‌ಫ್ರೇಮಿನಲ್ಲಿ ಬರೆಯುತ್ತೀರಿ, ಹೇಳಿ? ರಾತ್ರಿ ಊಟ ಮರೆತು ಆ ಗುಂಡಿ ಒತ್ತುತ್ತಾ ಕೂತಿದ್ದೆ.

ಪಾಠ ಹೇಳುವವರು ಇನ್ನೊಂದು ಒಳ್ಳೇ ಮಾತನ್ನೂ ಸೇರಿಸುತ್ತಾರೆ. ದೇವಸ್ಥಾನದ ಪದ್ಧತಿ ಹಳೆಯದು, ಆದ್ದರಿಂದ ಒಳ್ಳೆಯದು ಅಂತ ತಿಳಿಯಬೇಡಿ. ಅದು ಆ ಹೊಳೆ, ಆ ಹುಳ, ಆ ಇಳಿಜಾರಿಗೆ ಹೊಂದಿಕೊಂಡು ಬೆಳೆದದ್ದು. ಬೇರೆ ಕಡೆ ಎತ್ತಿಕೊಂಡು ಹೋಗಿ ನೆಟ್ಟರೆ ಚಿಗುರುವ ಗ್ಯಾರಂಟಿ ಇಲ್ಲ. ಸುಬಕ್ ಭೂದೃಶ್ಯಕ್ಕೆ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕ ಮೇಲೆ ಅದನ್ನು ಬರೀ ಚಂದದ ಫೋಟೋ ಆಗಿ ನೋಡುವವರೇ ಜಾಸ್ತಿ. ಇಲ್ಲಿ ಹಾಗಾಗಿಲ್ಲ.

ನಾಲ್ಕನೆಯದು ಆಟ. ಐದು ಐದು ಜನರ ಗುಂಪು, ವಿಡಿಯೋ ಕಾಲ್‌ನಲ್ಲಿ ಎದುರುಬದುರು. ಕರಾವಳಿಯ ಒಂದು ಊರಿಗೆ ಚಂಡಮಾರುತ ಬಡಿದಿದೆ, ದೋಣಿಗಳೆಲ್ಲ ಒಡೆದಿವೆ. ಪಾತ್ರಗಳು ಐದು: ದುಡ್ಡು ಕೊಡುವ ಸಂಸ್ಥೆ, ಕೆಲಸ ಮಾಡುವ ಸಂಸ್ಥೆ, ಮೀನುಗಾರಿಕೆ ಇಲಾಖೆ, ಊರಿನ ಸಮಿತಿ, ಮೀನು ವ್ಯಾಪಾರಿ. ನನಗೆ ಕೆಲಸ ಮಾಡುವ ಸಂಸ್ಥೆಯ ಮ್ಯಾನೇಜರ್ ಪಾತ್ರ ಬಂತು. ಪ್ರತಿ ಸುತ್ತು ಅಂದರೆ ಮೂರು ತಿಂಗಳು.

ಪರದೆಯ ಎಡಗಡೆ ಡ್ಯಾಶ್‌ಬೋರ್ಡ್. ಕೊಟ್ಟ ದೋಣಿಗಳು, ಫಲಾನುಭವಿಗಳು, ಖರ್ಚಾದ ದುಡ್ಡಿನ ಶೇಕಡಾವಾರು. ಎಲ್ಲ ಹಸಿರು. ಬಲಗಡೆ ಕಪ್ಪು ಪರದೆ. ಅದರ ಹಿಂದೆ ಸಮುದ್ರದಲ್ಲಿ ಉಳಿದ ಮೀನು, ದೋಣಿಯಾಳುಗಳ ಕೂಲಿ, ದೋಣಿ ಕಟ್ಟುವವರ ಆರ್ಡರು, ವ್ಯಾಪಾರಿಯ ಸಾಲದ ಪುಸ್ತಕ. ‘ಹೋಗಿ ಕೇಳು’ ಅನ್ನೋ ಕಾರ್ಡ್ ಹಾಕಿದರೆ ಅದರಲ್ಲೊಂದು ತೆರೆಯುತ್ತದೆ. ಆದರೆ ಆ ಕಾರ್ಡ್ ಹಾಕಿದ ಸುತ್ತಿನಲ್ಲಿ ದೋಣಿ ಕೊಡುವಂತಿಲ್ಲ. ಡ್ಯಾಶ್‌ಬೋರ್ಡ್ ಹಸಿರು ಕೆಂಪಾಗುತ್ತದೆ. ಯಾರು ಹಾಕುತ್ತಾರೆ ಹೇಳಿ! ಮೊದಲ ಮೂರು ಸುತ್ತು ಯಾರೂ ಹಾಕಲಿಲ್ಲ.

ನಾಲ್ಕನೇ ಸುತ್ತಿನಲ್ಲಿ ಮೀನು ವ್ಯಾಪಾರಿಯ ಪಾತ್ರದಲ್ಲಿದ್ದ ಹುಡುಗಿ ತಡೆಯಲಾರದೆ, ‘ಅಲ್ಲಾರೀ, ನನ್ನನ್ನು ಯಾರೂ ಏನೂ ಕೇಳಲೇ ಇಲ್ಲವಲ್ಲ’ ಅಂದಳು. ಅವಳ ಹತ್ತಿರ ಸಾಲದ ಪುಸ್ತಕ ಮೊದಲಿಂದಲೂ ತೆರೆದೇ ಇತ್ತು. ದೋಣಿ ಪುಕ್ಕಟೆ ಸಿಕ್ಕಿತು ಸರಿ, ಬಲೆ ಮತ್ತು ಡೀಸೆಲ್‌ಗೆ ಎಲ್ಲರೂ ಅವಳ ಹತ್ತಿರವೇ ಸಾಲ ಮಾಡಿದ್ದರು. ಸಾಲ ಇರುವವನು ಹಿಡಿದ ಮೀನನ್ನು ಅವಳು ಹೇಳಿದ ರೇಟಿಗೇ ಕೊಡಬೇಕು. ಮೊದಲು ಬೇರೆಯವರ ದೋಣಿಯಲ್ಲಿ ಆಳಾಗಿದ್ದವರೆಲ್ಲ ಈಗ ಮಾಲೀಕರು, ಹಾಗಾಗಿ ದೋಣಿ ನಡೆಸಲು ಆಳೇ ಇಲ್ಲ. ಊರಿನ ದೋಣಿ ಬಡಗಿಗೆ ಕೆಲಸ ಇಲ್ಲ. ಸಣ್ಣ ದೋಣಿಗಳೆಲ್ಲ ದಡದ ಹತ್ತಿರವೇ ಬಲೆ ಬೀಸಿ ಅಲ್ಲಿನ ಮೀನು ಬರಿದಾಗುತ್ತಿದೆ. ಎಡಗಡೆ ನೋಡಿದರೆ ‘ಗುರಿ ಮೀರಿದ ಸಾಧನೆ’.

ಕಟ್ಟುಕಥೆ ಅಂತ ತಳ್ಳಿಹಾಕುವ ಹಾಗಿಲ್ಲ. 2004ರ ಸುನಾಮಿಯಲ್ಲಿ ಸುಮಾರು 2,27,000 ಜನ ಸತ್ತರು, 1,300 ಕೋಟಿ ಡಾಲರ್‌ಗೂ ಜಾಸ್ತಿ ನೆರವು ಹರಿದುಬಂತು. ಇಂಡೋನೇಷ್ಯಾದ ಆಚೆ ಪ್ರಾಂತ್ಯದಲ್ಲೂ ಶ್ರೀಲಂಕಾದಲ್ಲೂ ಹಲವು ಸಂಸ್ಥೆಗಳು ಪೈಪೋಟಿಯ ಮೇಲೆ ಸಣ್ಣ ದೋಣಿಗಳನ್ನು ಹಂಚಿದವು. ಕೆಲವು ಕಡೆ ಬೇಕಾದ್ದಕ್ಕಿಂತ ಜಾಸ್ತಿ, ಕೆಲವು ದೋಣಿಗಳು ಸಮುದ್ರಕ್ಕೇ ಲಾಯಕ್ಕಿಲ್ಲ. ದೋಣಿಯ ಫೋಟೋ ಚೆನ್ನಾಗಿ ಬರುತ್ತದೆ, ಎಣಿಸಲೂ ಸುಲಭ. ಸಾಲದ ಪುಸ್ತಕದ ಫೋಟೋ ಯಾರಿಗೆ ಬೇಕು?

ಆಟದ ನಿಜವಾದ ಘಳಿಗೆ ಐದನೇ ಸುತ್ತಿನಲ್ಲಿ ಬಂತು. ಸರಿ, ಉಳಿದ ದೋಣಿ ದುಡ್ಡನ್ನು ಬಲೆ ಮತ್ತು ಐಸ್ ಗೋದಾಮಿಗೆ ಹಾಕೋಣ ಅಂತ ನಾವೆಲ್ಲ ಒಪ್ಪಿದೆವು. ದುಡ್ಡು ಕೊಡುವ ಸಂಸ್ಥೆಯ ಪಾತ್ರದಲ್ಲಿದ್ದವರು ನಿಜ ಜೀವನದಲ್ಲೂ ಲೆಕ್ಕಪತ್ರ ವಿಭಾಗದವರು. ಅವರು ತಮ್ಮ ಪಾತ್ರದ ಕಾಗದ ತೆಗೆದು ಶಾಂತವಾಗಿ ಓದಿದರು: ‘ಒಂದು ಬಜೆಟ್ ಸಾಲಿನಿಂದ ಇನ್ನೊಂದಕ್ಕೆ ಶೇಕಡಾ 10ಕ್ಕಿಂತ ಜಾಸ್ತಿ ಬದಲಿಸಲು ಮುಂಚಿತವಾಗಿ ಲಿಖಿತ ಒಪ್ಪಿಗೆ ಬೇಕು.’ ಒಪ್ಪಿಗೆಗೆ ಒಂದು ಸುತ್ತು. ಅಷ್ಟರಲ್ಲಿ ಮೀನಿನ ಸೀಸನ್ ಮುಗಿಯುತ್ತದೆ, ವರ್ಷದ ಕೊನೆಯೂ ಬರುತ್ತದೆ, ಖರ್ಚಾಗದ ದುಡ್ಡು ವಾಪಸ್. ಏನು ಮಾಡಿದೆವು? ಇನ್ನಷ್ಟು ದೋಣಿ ಕೊಂಡೆವು. ಗೊತ್ತಿದ್ದೂ ಗೊತ್ತಿದ್ದೂ.

ಎಷ್ಟು ಒಳ್ಳೇ ಆಟ! ನಮಗೆ ತಿಳಿವಳಿಕೆ ಇರಲಿಲ್ಲ ಅಂತಲ್ಲ. ಆ ತಿಳಿವಳಿಕೆಯ ಹಾಗೆ ನಡೆಯಲು ದಾರಿ ಇರಲಿಲ್ಲ. ಆಟ ಮುಗಿದ ಮೇಲಿನ ಚರ್ಚೆ ನೇರವಾಗಿ ಆ ಶೇಕಡಾ 10ರ ಮೇಲೆ ಬೀಳುತ್ತದೆ ಅಂತ ಕಾದೆ. ನಡೆಸಿಕೊಡುವವರು ಕೇಳಿದ್ದು, ‘ಅನಿಶ್ಚಿತತೆ ಎದುರಾದಾಗ ನಿಮಗೆ ಒಳಗೆ ಏನನ್ನಿಸಿತು?’ ಸಿಟ್ಟು ಬಂತು ಅಂದೆ. ‘ಹಂಚಿಕೊಂಡಿದ್ದಕ್ಕೆ ಧನ್ಯವಾದ’ ಅಂದು ಮುಂದಿನವರ ಕಡೆ ತಿರುಗಿದರು.

ಐದನೇ ಮಾಡ್ಯೂಲ್ ಉಪಕರಣಗಳದ್ದು, ಜೊತೆಗೆ ನಿಜ ಜೀವನದ ಕಥೆಗಳು. ಉಪಕರಣಗಳಲ್ಲಿ ಔಟ್‌ಕಮ್ ಮ್ಯಾಪಿಂಗ್ ಕೆಲಸಕ್ಕೆ ಬರುತ್ತದೆ. ಕೆನಡಾದ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಐಡಿಆರ್‌ಸಿ 2001ರಲ್ಲಿ ಹೊರತಂದದ್ದು. ಯೋಜನೆಯಿಂದ ದೇಶ ಉದ್ಧಾರ ಆಯಿತಾ ಅಂತ ಕೇಳುವ ಬದಲು, ನಾವು ನೇರವಾಗಿ ಒಡನಾಡುವ ಜನರ ನಡವಳಿಕೆಯಲ್ಲಿ ಏನು ಬದಲಾಯಿತು ಅಂತ ಕೇಳುತ್ತದೆ. ಆಗಲೇಬೇಕಾದದ್ದು, ಆದರೆ ಚೆನ್ನಾಗಿರುವುದು, ಆದರೆ ಹಬ್ಬ ಮಾಡುವಂಥದ್ದು ಅಂತ ಮೂರು ಮಟ್ಟದ ಗುರುತುಗಳು. ಒಂದೇ ಸಂಖ್ಯೆಯ ಗುರಿಗಿಂತ ಇದು ಎಷ್ಟೋ ವಾಸಿ. ಹಾರ್ವರ್ಡ್‌ನವರ ಪಿಡಿಐಎ ವಿಧಾನದ ಪಾಠವೂ ಚೆನ್ನಾಗಿದೆ: ಸಮಸ್ಯೆ ಹಿಡಿದುಕೊಂಡು ಸಣ್ಣ ಸಣ್ಣ ಪ್ರಯತ್ನ ಮಾಡುತ್ತಾ ತಿದ್ದಿಕೊಳ್ಳುತ್ತಾ ಹೋಗುವುದು. ಡೇವ್ ಸ್ನೋಡನ್ ಅವರ ಕಿನೆವಿನ್ ಚೌಕಟ್ಟಿನ ಪಾಠ ಮಾತ್ರ ಬೋರು. ಸಮಸ್ಯೆಗಳನ್ನು ಸರಳ, ಜಟಿಲ, ಸಂಕೀರ್ಣ, ಗೊಂದಲ ಅಂತ ವಿಂಗಡಿಸಿ, ಆಮೇಲೆ ‘ಲಸಿಕೆ ಅಭಿಯಾನ ಇವುಗಳಲ್ಲಿ ಯಾವುದು?’ ಅಂತ ನಾಲ್ಕು ಆಯ್ಕೆಯ ಪ್ರಶ್ನೆ. ಲಸಿಕೆಯನ್ನು ತಣ್ಣಗಿಡುವುದು ಒಂದು ಥರ, ತಾಯಂದಿರು ಅದನ್ನು ನಂಬುವುದು ಇನ್ನೊಂದು ಥರ. ನಾನು ಆರಿಸಿದ್ದಕ್ಕೆ ‘ತಪ್ಪು’ ಅಂತ ಕೆಂಪು ಗುರುತು ಬಂತು. ಸಂದರ್ಭಕ್ಕೆ ತಕ್ಕ ಹಾಗೆ ಯೋಚಿಸಿ ಅಂತ ಕಲಿಸುವ ಕೋರ್ಸ್‌ನಲ್ಲಿ ಟಿಕ್ ಹಾಕುವ ಪರೀಕ್ಷೆ!

ಕಥೆಗಳಲ್ಲಿ ವಿಯೆಟ್ನಾಂನದ್ದು ಇದೆ. 1990ರಲ್ಲಿ ಜೆರ್ರಿ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ ಸೇವ್ ದಿ ಚಿಲ್ಡ್ರನ್ ಪರವಾಗಿ ಅಲ್ಲಿಗೆ ಹೋದರು. ಆರು ತಿಂಗಳಲ್ಲಿ ಫಲಿತಾಂಶ ತೋರಿಸಿ ಅಂತ ಸರ್ಕಾರದ ತಾಕೀತು. ಅಷ್ಟೇ ಬಡವರಾಗಿದ್ದೂ ಮಕ್ಕಳು ಗಟ್ಟಿಮುಟ್ಟಾಗಿದ್ದ ಮನೆಗಳನ್ನು ಹುಡುಕಿದರು. ಆ ತಾಯಂದಿರು ಗದ್ದೆಯ ಸಣ್ಣ ಸಿಗಡಿ, ಏಡಿ, ಗೆಣಸಿನ ಸೊಪ್ಪನ್ನು ಅನ್ನಕ್ಕೆ ಸೇರಿಸಿ, ದಿನಕ್ಕೆ ಜಾಸ್ತಿ ಸಲ ಉಣಿಸುತ್ತಿದ್ದರು. ಇವು ಮಕ್ಕಳಿಗೆ ಆಗಿಬರುವುದಿಲ್ಲ ಅಂತ ಉಳಿದವರ ನಂಬಿಕೆ. ಅಡುಗೆ ಕೂಟಕ್ಕೆ ಬರುವ ಪ್ರತಿ ತಾಯಿಯೂ ಸಿಗಡಿಯನ್ನೋ ಸೊಪ್ಪನ್ನೋ ತಾನೇ ಹುಡುಕಿ ತರಬೇಕಿತ್ತು. ಭಾಷಣಕ್ಕಿಂತ ಆ ಹುಡುಕಾಟವೇ ಅಭ್ಯಾಸವಾಯಿತು. ಕೋರ್ಸ್ ಇದನ್ನು ಹೇಳುವ ಧಾಟಿಯಲ್ಲಿ ಸ್ವಲ್ಪ ಪುರಾಣದ ವಾಸನೆ ಇದೆ, ಆದರೂ ವಿವರ ಸರಿಯಾಗಿದೆ.

ಕೀನ್ಯಾದ ಮೊಬೈಲ್ ದುಡ್ಡಿನ ಸೇವೆ ಎಂ-ಪೆಸಾ ಕಥೆಯೂ ಇದೆ. ಬ್ರಿಟನ್ನಿನ ನೆರವಿನ ದುಡ್ಡು ಸೇರಿದ್ದ ಆ ಪ್ರಯೋಗ 2005ರಲ್ಲಿ ಶುರುವಾದಾಗ ಉದ್ದೇಶ ಸಣ್ಣ ಸಾಲದ ಕಂತನ್ನು ಮೊಬೈಲ್‌ನಲ್ಲಿ ಕಟ್ಟಿಸಿಕೊಳ್ಳುವುದು. ಜನ ಅದನ್ನು ಒಬ್ಬರಿಂದೊಬ್ಬರಿಗೆ ದುಡ್ಡು ಕಳಿಸಲು ಬಳಸತೊಡಗಿದರು. ನಡೆಸುತ್ತಿದ್ದವರು ಅದನ್ನು ತಡೆಯದೆ, 2007ರಲ್ಲಿ ಅದನ್ನೇ ಮುಖ್ಯ ಸೇವೆಯಾಗಿ ತೆರೆದರು. ಮೂಲ ಗುರಿಯನ್ನೇ ಹಿಡಿದು ಅಳೆದಿದ್ದರೆ ಈ ಯೋಜನೆಗೆ ಏನು ಅಂಕ ಸಿಗುತ್ತಿತ್ತೋ ನೋಡಿ.

ಸೋಲಿನ ಕಥೆಗಳನ್ನು ಹೇಳುವಲ್ಲಿ ನನಗೂ ಕೋರ್ಸ್‌ಗೂ ಜಗಳ. ಇವರ ಪ್ರಕಾರ ಬಾಂಗ್ಲಾದೇಶದ ಕುಡಿಯುವ ನೀರಿನ ಆರ್ಸೆನಿಕ್ ವಿಷ, ಹೈಟಿಯ ಕಾಲರಾ, ಲೈಬೀರಿಯಾದ ಎಬೋಲಾ ಕೇಂದ್ರಗಳು ಎಲ್ಲವೂ ‘ಸಂಕೀರ್ಣ ವ್ಯವಸ್ಥೆಯ ಅನಿರೀಕ್ಷಿತ ಪರಿಣಾಮ’. ಒಂದೇ ಸ್ಲೈಡಿನಲ್ಲಿ ಮೂರೂ. ಇದು ಸರಿಯಲ್ಲ.

ಲೈಬೀರಿಯಾದ್ದನ್ನು ಒಪ್ಪುತ್ತೇನೆ. 2014ರಲ್ಲಿ ರೋಗ ಏರುತ್ತಿದ್ದಾಗ ಅಮೆರಿಕ ಚಿಕಿತ್ಸಾ ಕೇಂದ್ರ ಕಟ್ಟಲು ಹೊರಟಿತು. ಅಷ್ಟರಲ್ಲಿ ಜನರೇ ಶವಸಂಸ್ಕಾರದ ರೀತಿ ಬದಲಿಸಿದರು, ರೋಗಿಗಳನ್ನು ಬೇರೆ ಇಟ್ಟರು, ರೋಗ ಇಳಿಯಿತು. ಕಟ್ಟಿದ 11 ಕೇಂದ್ರಗಳಲ್ಲಿ 9ಕ್ಕೆ ಒಬ್ಬ ಎಬೋಲಾ ರೋಗಿಯೂ ಬರಲಿಲ್ಲ. ಭಯ ನಡವಳಿಕೆಯನ್ನು ಬದಲಿಸಿತು, ನಡವಳಿಕೆ ರೋಗವನ್ನು ಬದಲಿಸಿತು. ಇದು ನಿಜವಾಗಿ ಸಂಕೀರ್ಣ.

ಬಾಂಗ್ಲಾದೇಶದ್ದು ಅರ್ಧ ಒಪ್ಪುತ್ತೇನೆ. ಕೆರೆ ಹೊಳೆಯ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದಾಗ, 1970ರ ದಶಕದಲ್ಲಿ ಯುನಿಸೆಫ್ ಮತ್ತು ಸರ್ಕಾರ ಕೊಳವೆಬಾವಿ ತೋಡಿಸಿದವು. ಒಳ್ಳೇ ಕೆಲಸವೇ. ಆ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಅಲ್ಲಿ 1993ರಲ್ಲಿ ಖಚಿತವಾಯಿತು, ಅಷ್ಟರಲ್ಲಿ ಕೋಟಿಗಟ್ಟಲೆ ಜನ ಕುಡಿದಿದ್ದರು. ಆದರೆ ಪಕ್ಕದ ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್‌ನಿಂದ ಬರುವ ಕಾಯಿಲೆಯ ರೋಗಿಗಳು 1983ರಲ್ಲೇ ಪತ್ತೆಯಾಗಿದ್ದರು. ಕೋರ್ಸ್ ಈ ಹತ್ತು ವರ್ಷದ ಸುದ್ದಿಯನ್ನೇ ಎತ್ತುವುದಿಲ್ಲ. ಎತ್ತಿದ್ದರೆ ಎರಡನೇ ಮಾಡ್ಯೂಲಿನ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿರಲಿಲ್ಲ: ಮೊದಲು ಯಾರಿಗೆ ಗೊತ್ತಾಯಿತು, ಸುದ್ದಿ ಮುಟ್ಟಲು ಎಷ್ಟು ಕಾಲ ಹಿಡಿಯಿತು?

ಹೈಟಿಯದ್ದನ್ನು ಮಾತ್ರ ಒಪ್ಪಲಾರೆ. 2010ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದ ಮಲ ಹೊಳೆಗೆ ಸೇರಿತು, ಆ ಹೊಳೆ ಆರ್ಟಿಬೊನೈಟ್ ನದಿಗೆ ಸೇರಿತು. 8 ಲಕ್ಷಕ್ಕೂ ಜಾಸ್ತಿ ಜನರಿಗೆ ಕಾಲರಾ, ಸುಮಾರು 10,000 ಸಾವು. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ. ಶಿಬಿರದ ಶೌಚವನ್ನು ಹೊಳೆಗೆ ಬಿಡಬಾರದು ಅನ್ನೋದಕ್ಕೆ ಯಾವ ವಿಜ್ಞಾನ ಬೇಕು? ರೋಗ ಹರಡಿದ ರೀತಿ ಸಂಕೀರ್ಣ ಇರಬಹುದು, ಶುರುವಾದ ರೀತಿ ಸಂಕೀರ್ಣ ಅಲ್ಲ. ಅದನ್ನೂ ಈ ಸ್ಲೈಡಿಗೆ ಸೇರಿಸಿದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ. ಎಲ್ಲವೂ ಎಲ್ಲದಕ್ಕೂ ಕಾರಣ ಅಂದುಬಿಟ್ಟರೆ ಯಾರೂ ಯಾವುದಕ್ಕೂ ಹೊಣೆಯಲ್ಲ. ಇದನ್ನು ಚರ್ಚಾ ವಿಭಾಗದಲ್ಲಿ ಬರೆದೆ. ‘ಒಳ್ಳೆಯ ಪಾಯಿಂಟ್’ ಅಂತ ಉತ್ತರ ಬಂತು, ಜೊತೆಗೊಂದು ನಗುಮುಖ. ಸ್ಲೈಡು ಹಾಗೇ ಇದೆ.

ಆರನೆಯದು ‘ದುಡ್ಡು ಕೊಡುವವರ ಜೊತೆ ಕೆಲಸ’. ಎಲ್ಲಕ್ಕಿಂತ ಚಿಕ್ಕ ಮಾಡ್ಯೂಲ್. ಬ್ರಿಟನ್ನಿನ ನೆರವು ಇಲಾಖೆ ಡಿಎಫ್‌ಐಡಿ 2014ರಲ್ಲಿ ‘ಸ್ಮಾರ್ಟ್ ರೂಲ್ಸ್’ ತಂದು ಕಟ್ಟುನಿಟ್ಟಿನ ನಿಯಮಗಳನ್ನು ಕಡಿಮೆ ಮಾಡಿತು, ಹೊಂದಿಕೊಂಡು ಕೆಲಸ ಮಾಡಲು ಬಿಟ್ಟಿತು ಅಂತ ಹೊಗಳುತ್ತಾರೆ. ಅದೇ ಇಲಾಖೆ ಅದೇ ವರ್ಷ ಫಲಿತಾಂಶ ತೋರಿಸಿದರೆ ಮಾತ್ರ ದುಡ್ಡು ಅನ್ನೋ ನೀತಿಯನ್ನೂ ಹೊರತಂದಿತ್ತು. ಎರಡೂ ಒಂದೇ ಕರಾರಿನಲ್ಲಿ ಬಂದಾಗ ಕೆಲಸ ಮಾಡುವವರು ಯಾವುದನ್ನು ಕೇಳಬೇಕು? ಪಾಠ ಮೌನ. ಯುಎಸ್‌ಏಡ್‌ನ ಕಲಿಕೆಯ ಮಾರ್ಗದರ್ಶಿಗಳಿಗೆ ಲಿಂಕ್ ಕೊಟ್ಟಿದ್ದಾರೆ. ಒತ್ತಿದರೆ ಪುಟವೇ ಇಲ್ಲ. 2025ರ ಜುಲೈ 1ಕ್ಕೆ ಆ ಸಂಸ್ಥೆಯ ಕೆಲಸವೇ ನಿಂತು, ಉಳಿದದ್ದು ವಿದೇಶಾಂಗ ಇಲಾಖೆಗೆ ಹೋಗಿದೆ. ಡಿಎಫ್‌ಐಡಿಯೂ 2020ರಲ್ಲೇ ವಿದೇಶಾಂಗ ಇಲಾಖೆಯೊಳಗೆ ಸೇರಿಹೋಗಿದೆ. ದುಡ್ಡು ಕೊಡುವವರೂ ವ್ಯವಸ್ಥೆಯ ಒಳಗೇ ಇರುವವರು, ಅವರೂ ಒಂದು ದಿನ ಇಲ್ಲವಾಗಬಹುದು. ಇದನ್ನು ಕಲಿಸಲು ಇದಕ್ಕಿಂತ ಒಳ್ಳೇ ಸಂದರ್ಭ ಸಿಗುತ್ತಾ? ವಿಡಿಯೋ ಮಾತ್ರ ಹಳೇದೇ.

ಈ ಮಾಡ್ಯೂಲಿನಲ್ಲಿ ಇರಬೇಕಾಗಿದ್ದದ್ದು ಬೇರೆ. ಗುರಿಯನ್ನು ಒಂದೇ ಸಂಖ್ಯೆಯಾಗಿ ಬರೆಯದೆ ಇಷ್ಟರಿಂದ ಇಷ್ಟರವರೆಗೆ ಅಂತ ಬರೆಯುವುದು ಹೇಗೆ. ಮೊದಲ ಕೆಲವು ತಿಂಗಳನ್ನು ಬರೀ ಊರು ತಿಳಿಯುವುದಕ್ಕೆ ಇಟ್ಟು, ಆಮೇಲೆ ಲಾಗ್‌ಫ್ರೇಮ್ ಬರೆಯಲು ಒಪ್ಪಿಸುವುದು ಹೇಗೆ. ಯಾವುದಕ್ಕೂ ಹೆಸರಿಡದ ಒಂದು ಬಜೆಟ್ ಸಾಲನ್ನು ಕೇಳುವಾಗ ಆಡಿಟ್‌ನವರಿಗೆ ಏನು ಹೇಳುವುದು. ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರ ಯಾವ ಮಟ್ಟದಲ್ಲಿ, ಎಷ್ಟು ದಿನದೊಳಗೆ ಅಂತ ಕರಾರಿನಲ್ಲೇ ಬರೆಸುವುದು. ನಿಂತುಹೋಗಬೇಕಾದ ಕೆಲಸವನ್ನು ನಿಲ್ಲಿಸಿದ ಟೀಮಿಗೆ ಶಿಕ್ಷೆ ಆಗದ ಹಾಗೆ ನೋಡಿಕೊಳ್ಳುವುದು. ಸಂಕೀರ್ಣತೆಯ ಬಗ್ಗೆ ಎಷ್ಟೇ ಚಂದದ ನಕ್ಷೆ ಬರೆದರೂ, ಆ ಶೇಕಡಾ 10ರ ಸಾಲು ಹಾಗೇ ಇರುವವರೆಗೆ ಅದು ಗೋಡೆಯ ಮೇಲಿನ ಚಿತ್ರವೇ.

ಇನ್ನು ಸೇವೆಯ ಬಗ್ಗೆ. ವಿಡಿಯೋ ಇಳಿಸಿಕೊಳ್ಳಬಹುದು, ನೆಟ್ ಸರಿಯಿಲ್ಲದ ಕಡೆ ಇರುವವರಿಗೆ ಅನುಕೂಲ. ಸಬ್‌ಟೈಟಲ್ ಚೆನ್ನಾಗಿದೆ. ಚರ್ಚಾ ವಿಭಾಗಕ್ಕೆ ಉತ್ತರ ನಿಧಾನ. ಸರ್ಟಿಫಿಕೇಟ್‌ನಲ್ಲಿ ಹೆಸರು ತಪ್ಪಾಗಿ ಬಂದಿತ್ತು, ಹೇಳಿದ ಮೇಲೆ ಸರಿ ಮಾಡಿದರು. ವರ್ಕ್‌ಬುಕ್‌ನ ಬಹುಪಾಲು ಪುಟಗಳು ತುಂಬಲು ಮಾತ್ರ ಇವೆ, ಆದರೆ ಒಂದು ಪುಟವನ್ನು ನಾನು ಈಗಲೂ ಬಳಸುತ್ತೇನೆ. ನಾಲ್ಕು ಕಾಲಂ: ಏನಾಗುತ್ತದೆ ಅಂದುಕೊಂಡಿದ್ದೆವು, ಏನಾಯಿತು, ಏನು ಬದಲಿಸಿದೆವು, ಯಾರು ಒಪ್ಪಿದರು. ಮೂರು ತಿಂಗಳ ವರದಿಯ ಜೊತೆ ಇದನ್ನು ಲಗತ್ತಿಸುತ್ತೇನೆ. ದುಡ್ಡು ಕೊಡುವವರು ಮೊದಲು ಮೂಗು ಮುರಿದರು. ಈಗ ಬೇರೆ ಯೋಜನೆಗಳಿಂದಲೂ ಅದನ್ನೇ ಕೇಳುತ್ತಿದ್ದಾರಂತೆ.

ಯಾರು ಸೇರಬಹುದು? ಊರುಗಳಲ್ಲಿ ಓಡಾಡಿ ಕೆಲಸ ಮಾಡುವವರಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ, ಬಾಲಿ ಪಾಠದ ಹೊರತು. ಅವರಿಗೆ ಇದೆಲ್ಲ ಗೊತ್ತಿರುವುದೇ. ಯೋಜನೆ ಬರೆಯುವವರು, ವರದಿ ಓದುವವರು ಸೇರಲಿ. ಒಬ್ಬರೇ ಸೇರಬೇಡಿ. ನಿಮ್ಮ ಲೆಕ್ಕಪತ್ರ ವಿಭಾಗದವರನ್ನು, ಸಾಧ್ಯವಾದರೆ ಗ್ರ್ಯಾಂಟ್ ಕರಾರು ಬರೆಯುವವರನ್ನೂ ಜೊತೆಗೆ ಕರೆದುಕೊಂಡು ಸೇರಿ. ಆಟದಲ್ಲಿ ಅವರಿಗೆ ಮೀನು ವ್ಯಾಪಾರಿಯ ಪಾತ್ರ ಕೊಡಿಸಿ. ನಡೆಸುವವರಿಗೆ ಮುಂಚೆಯೇ ಮೇಲ್ ಮಾಡಿದರೆ ಪಾತ್ರ ಬದಲಿಸಿಕೊಡುತ್ತಾರೆ.